ಆಗಸ್ಟ್ ಬರೋಕೆ ಮುಂಚೆ ಹತ್ತು ವಾರ: ಅಮೆರಿಕದ ಕಾಲೇಜು ಸಾಕರ್‌ಗೆ ಕಾಲಿಡೋರಿಗೆ

ಇವತ್ತಿನ ಎಪಿಸೋಡ್ ಹುಟ್ಟಿದ್ದು ಒಂದು ವಾಯ್ಸ್ ನೋಟ್‌ನಿಂದ. ಟೆಕ್ಸಸ್‌ನಲ್ಲಿರೋ ಕೇಳುಗರೊಬ್ಬರು ಕಳಿಸಿದ್ರು: "ಮಗಳು ಆಗಸ್ಟ್‌ನಲ್ಲಿ ಕಾಲೇಜು ಸೇರ್ತಾಳೆ, ಸಾಕರ್ ಟೀಮ್‌ನಲ್ಲೂ ಜಾಗ ಸಿಕ್ಕಿದೆ. ಏನು ತಯಾರಿ ಮಾಡಿಸ್ಬೇಕು?" ಇಲ್ಲಿಂದ ಅಲ್ಲಿಗೆ ಓದೋಕೆ ಹೋಗಿ ಆಡೋ ಆಸೆ ಇಟ್ಕೊಂಡಿರೋ ಹುಡುಗರೂ ಆಗಾಗ ಇದೇ ಕೇಳ್ತಾರೆ. ಹಾಗಾಗಿ ಪೂರ್ತಿ ಎಪಿಸೋಡ್ ಇದಕ್ಕೇ.

ಮೊದಲು ಕ್ಯಾಲೆಂಡರ್ ನೋಡೋಣ, ಯಾಕಂದ್ರೆ ಅರ್ಧ ಸಮಸ್ಯೆ ಅಲ್ಲೇ ಇದೆ. ಅಮೆರಿಕದಲ್ಲಿ ಕಾಲೇಜು ಕ್ರೀಡೆಯ ಬಹುಪಾಲನ್ನು ನಡೆಸೋದು ಎನ್‌ಸಿಎಎ ಅನ್ನೋ ಸಂಸ್ಥೆ. ಅದರಲ್ಲಿ ಡಿವಿಜನ್ 1, 2, 3 ಅಂತ ಮೂರು ಹಂತ. ಸಾಕರ್ ಸೀಸನ್ ಅಂದ್ರೆ ಆಗಸ್ಟ್‌ನಿಂದ ನವೆಂಬರ್. ಗೆಲ್ತಾ ಹೋದ್ರೆ ಡಿಸೆಂಬರ್. ಡಿವಿಜನ್ 1ರಲ್ಲಿ ಆಗಸ್ಟ್ ಮೊದಲ ವಾರಗಳಲ್ಲಿ ಪ್ರೀ-ಸೀಸನ್ ಕ್ಯಾಂಪ್, ತಿಂಗಳು ಮುಗಿಯೋದ್ರೊಳಗೆ ಅಸಲಿ ಮ್ಯಾಚ್‌ಗಳು. ಆಮೇಲೆ ಮೂರು ತಿಂಗಳಲ್ಲಿ ಹತ್ತಿರ ಹತ್ತಿರ 18-20 ಪಂದ್ಯ. ಮಹಿಳಾ ತಂಡಗಳಿಗೆ ಗುರುವಾರ ಒಂದು, ಭಾನುವಾರ ಒಂದು ಅನ್ನೋದು ಮಾಮೂಲಿ. ಯೂರೋಪಿನ ಲೀಗ್‌ನಲ್ಲಿ ಒಂಬತ್ತು ತಿಂಗಳಿಗೆ ಹರಡಿರೋ ಕೆಲಸದ ದೊಡ್ಡ ಪಾಲನ್ನ ಇಲ್ಲಿ ಮೂರೇ ತಿಂಗಳಿಗೆ ತುರುಕಿದ್ದಾರೆ ಅಂತ ಇಟ್ಕೊಳ್ಳಿ.

ಈಗ ಹೊಸಬರ ಕಥೆ ನೋಡಿ. ಮೇ ತಿಂಗಳಲ್ಲಿ ಹೈಸ್ಕೂಲ್ ಮುಗೀತು. ಗ್ರಾಜುಯೇಷನ್ ಪಾರ್ಟಿ, ಪ್ರವಾಸ, ಜುಲೈನಲ್ಲಿ ಊರಿಗೆ ಬಂದು ಅಜ್ಜಿ ಮನೆ ಹೋಳಿಗೆ. ಆಗಸ್ಟ್‌ನಲ್ಲಿ ಇದ್ದಕ್ಕಿದ್ದ ಹಾಗೆ ದಿನಕ್ಕೆ ಎರಡು ಹೊತ್ತು ಬೆವರು. ನಾನು ಬಿ.ಕಾಂ. ಓದಿದವನು, ನನಗೆ ಅರ್ಥ ಆಗೋ ಭಾಷೆಲಿ ಹೇಳ್ತೀನಿ: ಖಾತೆಯಲ್ಲಿ ದುಡ್ಡಿಲ್ಲದೆ ಚೆಕ್ ಬರೆದ ಹಾಗೆ. ಬೌನ್ಸ್ ಆಗೋದು ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್‌ನಲ್ಲಿ, ತೊಡೆಸಂದಿನಲ್ಲಿ, ಮೊಣಕಾಲಲ್ಲಿ. ಮೊದಲ ವರ್ಷದವರು ಕ್ಯಾಂಪ್‌ನಲ್ಲೇ ಗಾಯ ಮಾಡ್ಕೊಂಡ್ರೆ ಸೀಸನ್‌ನ ಮೂರನೇ ಒಂದು ಭಾಗ ಹೊರಗೆ ಕೂತೇ ಕಳೀಬಹುದು.

ಅದಕ್ಕೇ ಹತ್ತು ವಾರ. ಮೇ ಕೊನೆಯಿಂದ ಶುರು. ಮೊದಲ ಮೂರ್ನಾಲ್ಕು ವಾರ ಹಗುರ ಓಟ, ವಾರಕ್ಕೆ ಎರಡು-ಮೂರು ದಿನ ಜಿಮ್, ಜೊತೆಗೆ ಚೆಂಡು. ನಡುವಿನ ವಾರಗಳಲ್ಲಿ ಓಡು-ನಿಲ್ಲು-ಓಡು ಇಂಟರ್ವಲ್. ಯಾಕಂದ್ರೆ ಸಾಕರ್‌ನಲ್ಲಿ ಯಾರೂ ಒಂದೇ ವೇಗದಲ್ಲಿ 90 ನಿಮಿಷ ಓಡಲ್ಲ. ಕೊನೆಯ ಎರಡು ವಾರ, ಮೈ ಬಿಸಿಲಿಗೆ ಒಗ್ಗಲಿ ಅಂತ ಕ್ಯಾಂಪ್ ನಡೆಯೋ ಹೊತ್ತಿಗೇ ಹೊರಗೆ ತರಬೇತಿ. ದೇಹ ಶಾಖಕ್ಕೆ ಹೊಂದ್ಕೊಳ್ಳೋಕೆ ಸುಮಾರು 10-14 ದಿನ ಬೇಕು. ಬೆಂಗಳೂರಿನ ಜುಲೈ ತಂಪಲ್ಲಿ ಓಡಿ, ನೇರ ಹ್ಯೂಸ್ಟನ್‌ನ ಆಗಸ್ಟ್‌ಗೆ ಇಳಿಯೋದು ಒಳ್ಳೇ ಐಡಿಯಾ ಅಲ್ಲವೇ ಅಲ್ಲ. ಕ್ಯಾಂಪ್‌ಗಿಂತ ಎರಡು ವಾರ ಮುಂಚೆ ಅಲ್ಲಿರಿ.

ಇನ್ನೊಂದು, ಪುಕ್ಕಟೆ ಸಿಗೋ ವಸ್ತು: 'ಫಿಫಾ 11+' ಅನ್ನೋ ವಾರ್ಮ್-ಅಪ್. ಓಟ, ಕಾಲಿನ ಬಲ, ಬ್ಯಾಲೆನ್ಸ್, ಜಿಗಿದು ಸರಿಯಾಗಿ ಇಳಿಯೋದು, ಎಲ್ಲಾ ಸೇರಿ 15 ವ್ಯಾಯಾಮ, ಸುಮಾರು 20 ನಿಮಿಷ. ಎನ್‌ಸಿಎಎ ಪುರುಷರ ತಂಡಗಳ ಮೇಲೇ ಇದನ್ನ ಪರೀಕ್ಷೆ ಮಾಡಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಾಯದ ಪ್ರಮಾಣ ಸುಮಾರು 46% ಕಡಿಮೆ ಆಗಿತ್ತು. ಹುಡುಗಿಯರು ಇದನ್ನ ಇನ್ನೂ ಗಂಭೀರವಾಗಿ ತಗೊಳ್ಳಿ. ಮೊಣಕಾಲಿನ ಎಸಿಎಲ್ ಹರಿಯೋ ಅಪಾಯ ಒಂದೇ ಆಟದಲ್ಲಿ ಹುಡುಗರಿಗಿಂತ ಹುಡುಗಿಯರಿಗೆ ಹೆಚ್ಚು, ಮತ್ತೆ ಮೈದಾನಕ್ಕೆ ಬರೋಕೆ ಒಂಬತ್ತು ತಿಂಗಳೋ ಇನ್ನೂ ಜಾಸ್ತಿಯೋ ಬೇಕು. ಬೋರ್ ಹೊಡೆಯುತ್ತೆ, ನಿಜ. ಮಾಡಿ.

ಕ್ಯಾಂಪ್‌ನ ಮೊದಲ ದಿನಗಳಲ್ಲಿ ಬಹಳ ಕಡೆ ಫಿಟ್‌ನೆಸ್ ಟೆಸ್ಟ್ ಇರುತ್ತೆ. ಬೀಪ್ ಟೆಸ್ಟ್ ಅಥವಾ ಯೋ-ಯೋ ಟೆಸ್ಟ್. ಯೋ-ಯೋದಲ್ಲಿ 20 ಮೀಟರ್ ಹೋಗಿ 20 ಮೀಟರ್ ವಾಪಸ್, 10 ಸೆಕೆಂಡ್ ವಿರಾಮ, ಬೀಪ್ ವೇಗ ಏರ್ತಾ ಹೋಗುತ್ತೆ. ಕ್ರಿಕೆಟ್ ನೋಡೋರಿಗೆ ಹೆಸರು ಗೊತ್ತಿರುತ್ತೆ. ಯಾವ ಟೆಸ್ಟ್, ಎಷ್ಟು ಬೇಕು ಅಂತ ಕೋಚ್‌ಗೆ ಜೂನ್‌ನಲ್ಲೇ ಇಮೇಲ್ ಮಾಡಿ. ಕೇಳಿದ್ರೆ ಏನಂದ್ಕೊಳ್ತಾರೋ ಅನ್ನೋ ಸಂಕೋಚ ಬೇಡ, ಅಲ್ಲಿ ಕೇಳೋದು ಮಾಮೂಲಿ. ಆದರೆ ಇಮೇಲ್ ಅಪ್ಪ ಬರೀಬಾರದು, ಮಗಳೇ ಬರೀಬೇಕು.

ಇಷ್ಟು ಕಾಲಿನ ತಯಾರಿ. ಇದಕ್ಕಿಂತ ಕಷ್ಟದ್ದು ಬೆಂಚ್.

ಕಾಲೇಜು ಟೀಮ್ ಸೇರೋ ಪ್ರತಿಯೊಬ್ಬರೂ ಅವರವರ ಕ್ಲಬ್‌ನಲ್ಲಿ ಸ್ಟಾರ್. ಕ್ಯಾಪ್ಟನ್, ಪೆನಾಲ್ಟಿ ಹೊಡೆಯೋರು, ಅಮ್ಮಂದಿರ ವಾಟ್ಸ್ಯಾಪ್ ಗ್ರೂಪ್‌ನಲ್ಲಿ ಫೋಟೋ ಬರೋರು. ಅಂಥವರೇ 28 ಜನ ಒಂದು ಕಡೆ ಸೇರ್ತಾರೆ, ಆಡೋದು 11. ಪುರುಷರ ಡಿವಿಜನ್ 1ರಲ್ಲಿ ಇನ್ನೊಂದು ಸಂಗತಿ ಇದೆ: ಬೇರೆ ದೇಶಗಳಿಂದ ಬಂದವರು ತುಂಬಾ ಜನ, ಅದರಲ್ಲೂ ಯೂರೋಪಿನ ಕ್ಲಬ್ ಅಕಾಡೆಮಿಗಳಲ್ಲಿ ಬೆಳೆದವರು. 18ರ ಹುಡುಗ 22-23 ವರ್ಷದ ಡಿಫೆಂಡರ್‌ಗೆ ಭುಜ ಕೊಡ್ಬೇಕು. ಪ್ರತಿಭೆ ಅಷ್ಟೇ ಇದ್ರೂ ಮೂಳೆ-ಮಾಂಸದಲ್ಲಿ ನಾಲ್ಕು ವರ್ಷದ ವ್ಯತ್ಯಾಸ ಇರುತ್ತೆ.

ಹಾಗಾದ್ರೆ ಹೊಸಬರಿಗೆ ದಾರಿ ಎಲ್ಲಿ? ನಿಯಮದಲ್ಲೇ ಇದೆ. ವೃತ್ತಿಪರ ಫುಟ್‌ಬಾಲ್‌ನಲ್ಲಿ ಹೊರಗೆ ಬಂದ ಆಟಗಾರ ಮತ್ತೆ ಒಳಗೆ ಹೋಗಂಗಿಲ್ಲ. ಕಾಲೇಜು ಸಾಕರ್‌ನಲ್ಲಿ ಮಿತಿಯೊಳಗೆ ಮರುಪ್ರವೇಶ ಇದೆ, ಬದಲಿ ಆಟಗಾರರೂ ಜಾಸ್ತಿ. ಹಾಗಾಗಿ ಕೋಚ್‌ಗಳು ವಿಪರೀತ ಓಡಾಟದ ಆಟ ಆಡಿಸ್ತಾರೆ, ಮೊದಲರ್ಧದಲ್ಲೇ ಸುಸ್ತಾದವರನ್ನ ಕೂರಿಸಿ ಹೊಸ ಕಾಲುಗಳನ್ನ ಕಳಿಸ್ತಾರೆ. ಮೊದಲ ವರ್ಷದವರಿಗೆ ಸಿಗೋದು ಆ 15-20 ನಿಮಿಷ. ಅಲ್ಲಿ ಕೋಚ್‌ಗೆ ಡ್ರಿಬ್ಲಿಂಗ್ ಶೋ ಬೇಡ. ಚೆಂಡು ಹೋದ ತಕ್ಷಣ ಬೆನ್ನಟ್ಟೋದು, ತಪ್ಪು ಪಾಸ್ ಕೊಡದೇ ಇರೋದು, ಕಾರ್ನರ್ ಬಂದಾಗ ಯಾರನ್ನ ಮಾರ್ಕ್ ಮಾಡ್ಬೇಕು ಅನ್ನೋದು ನೆನಪಿರೋದು ಬೇಕು. ಬೇಸಿಗೆಯಲ್ಲಿ ಹೊಸ ಟ್ರಿಕ್ ಕಲಿಯೋ ಬದಲು ಎಡಗಾಲಲ್ಲಿ ಸರಳ ಪಾಸ್ ಗಟ್ಟಿ ಮಾಡ್ಕೊಳ್ಳಿ ಅಂತ ನಾನು ಹೇಳೋದು ಇದಕ್ಕೇ. ಜೊತೆಗೆ, ನಿಮ್ಮ ಜಾಗ ಬದಲಾಗಬಹುದು. ಸ್ಟ್ರೈಕರ್ ಆಗಿ ಹೋದವರು ರೈಟ್ ಬ್ಯಾಕ್ ಆಗಿ ಉಳ್ಕೊಳ್ಳೋದು ತುಂಬಾ ಸಾಮಾನ್ಯ.

ಇನ್ನು 'ರೆಡ್‌ಶರ್ಟ್'. ಬಹುಕಾಲದಿಂದ ಡಿವಿಜನ್ 1ರಲ್ಲಿ ಇದ್ದ ಲೆಕ್ಕ: ಐದು ವರ್ಷದೊಳಗೆ ನಾಲ್ಕು ಸೀಸನ್. ಒಂದು ವರ್ಷ ತರಬೇತಿ ಮಾತ್ರ ಮಾಡಿ, ಮ್ಯಾಚ್ ಆಡದೆ ಆ ಸೀಸನ್ ಉಳಿಸ್ಕೊಳ್ಳೋದಕ್ಕೆ ರೆಡ್‌ಶರ್ಟ್ ಅಂತಾರೆ. ನಮ್ಮ ಮನೆಗಳಲ್ಲಿ ಇದು ಕೇಳಿದ ತಕ್ಷಣ "ಫೇಲ್ ಆದ್ಯಾ?" ಅನ್ನೋ ಮುಖ ಬರುತ್ತೆ. ಮಿಯಾ ಹ್ಯಾಮ್ ಗೊತ್ತಲ್ಲ, ನಾರ್ತ್ ಕೆರೊಲೈನಾ ಪರ ನಾಲ್ಕು ಬಾರಿ ಕಾಲೇಜು ಚಾಂಪಿಯನ್ ಆದವರು. ಅವರೂ 1991ರ ಕಾಲೇಜು ಸೀಸನ್ ಆಡಲಿಲ್ಲ, ಆ ವರ್ಷ ಚೀನಾದಲ್ಲಿ ಮೊದಲ ಮಹಿಳಾ ವಿಶ್ವಕಪ್ ಇತ್ತು. ಕಾರಣ ಬೇರೆ, ಒಪ್ತೀನಿ. ಆದರೆ ಒಂದು ಸೀಸನ್ ಬಿಟ್ಟವರೆಲ್ಲ ಸೋತವರಲ್ಲ. ಈ ಅರ್ಹತೆಯ ನಿಯಮಗಳು ಈಗೀಗ ಬೇಗ ಬದಲಾಗ್ತಿವೆ, ಸೇರೋ ವರ್ಷದ ನಿಯಮ ಏನು ಅಂತ ಕಾಲೇಜಿನ ಕಂಪ್ಲಯನ್ಸ್ ಆಫೀಸ್‌ನಲ್ಲೇ ಕೇಳಿ.

ಸಮಯದ ಲೆಕ್ಕಕ್ಕೆ ಬರೋಣ. ಡಿವಿಜನ್ 1ರಲ್ಲಿ ಸೀಸನ್ ವೇಳೆ ವಾರಕ್ಕೆ 20 ಗಂಟೆ, ದಿನಕ್ಕೆ 4 ಗಂಟೆ ಮಿತಿ, ವಾರಕ್ಕೊಂದು ರಜೆ. ಕೇಳೋಕೆ ಚೆನ್ನಾಗಿದೆ. ಆದರೆ ಮ್ಯಾಚ್ ದಿನ ಎಷ್ಟೇ ಹೊತ್ತಾದ್ರೂ 3 ಗಂಟೆ ಅಂತಲೇ ಲೆಕ್ಕ. ಬಸ್ ಪ್ರಯಾಣ ಲೆಕ್ಕಕ್ಕಿಲ್ಲ. ಗಾಯಕ್ಕೆ ಚಿಕಿತ್ಸೆ ಲೆಕ್ಕಕ್ಕಿಲ್ಲ. ತರಗತಿ ಶುರುವಾಗೋ ಮುಂಚಿನ ಕ್ಯಾಂಪ್‌ಗೆ ಮಿತಿಯೇ ಅನ್ವಯಿಸಲ್ಲ. ಇದರ ಜೊತೆ ಸೆಮಿಸ್ಟರ್‌ಗೆ ಕನಿಷ್ಠ 12 ಕ್ರೆಡಿಟ್ ಓದ್ಬೇಕು. ಎಫ್-1 ವೀಸಾದಲ್ಲಿ ಹೋದವರು ಅನುಮತಿ ಇಲ್ಲದೆ 12ಕ್ಕಿಂತ ಕೆಳಗೆ ಇಳಿದ್ರೆ ಆಟ ಮಾತ್ರ ಅಲ್ಲ, ವೀಸಾನೂ ತೊಂದರೆಗೆ ಸಿಗುತ್ತೆ. ಹಾಗಾಗಿ ಮೊದಲ ಸೆಮಿಸ್ಟರ್‌ಗೆ ಆರ್ಗ್ಯಾನಿಕ್ ಕೆಮಿಸ್ಟ್ರಿ ಥರದ ಭಾರದ ವಿಷಯ, ಮಧ್ಯಾಹ್ನದ ಲ್ಯಾಬ್ ಬೇಡ. ಅವು ವಸಂತದ ಸೆಮಿಸ್ಟರ್‌ಗೆ ಇರಲಿ.

ಈಗ ನಾನು ನಿಜಕ್ಕೂ ಹೇಳ್ಬೇಕಂತಿದ್ದ ವಿಷಯ. ಜಾಗ ಕಳ್ಕೊಳ್ಳೋ ಭಯದಲ್ಲಿ ಹೊಸಬರು ಗಾಯ ಮುಚ್ಚಿಡ್ತಾರೆ. ತೊಡೆ ಹಿಡ್ಕೊಂಡಿದ್ರೂ ಓಡ್ತಾರೆ. ತಲೆಗೆ ಪೆಟ್ಟು ಬಿದ್ದು ಕಣ್ಣು ಮಂಜಾದ್ರೂ "ಐ ಆಮ್ ಫೈನ್" ಅಂತಾರೆ. ತೊಡೆದು ಮುಚ್ಚಿಟ್ರೆ ಎರಡು ವಾರದ್ದು ಎಂಟು ವಾರ ಆಗುತ್ತೆ ಅಷ್ಟೇ. ತಲೆದು ಹಾಗಲ್ಲ. ಕನ್ಕಷನ್ ಆಗಿ ಮಿದುಳು ಸುಧಾರಿಸ್ಕೊಳ್ಳೋ ಮುಂಚೆ ಇನ್ನೊಂದು ಪೆಟ್ಟು ಬಿದ್ರೆ ಜೀವಕ್ಕೇ ಅಪಾಯ ಆಗಬಹುದು. ಕನ್ಕಷನ್ ಅಂತ ಗೊತ್ತಾದ್ರೆ ಆ ದಿನ ಮತ್ತೆ ಆಡಿಸೋ ಹಾಗಿಲ್ಲ ಅನ್ನೋದು ಎನ್‌ಸಿಎಎ ನಿಯಮ. ಆದರೆ ನೀವು ಬಾಯಿ ಬಿಡದಿದ್ರೆ ಎಷ್ಟೋ ಸಲ ಯಾರಿಗೂ ಗೊತ್ತಾಗಲ್ಲ.

ಯಾರ ಹತ್ರ ಹೇಳ್ಬೇಕು? ಅಥ್ಲೆಟಿಕ್ ಟ್ರೇನರ್ ಹತ್ರ. ನಮ್ಮಲ್ಲಿ ಟ್ರೇನರ್ ಅಂದ್ರೆ ಜಿಮ್‌ನಲ್ಲಿ ತೂಕ ಎತ್ತಿಸೋರು. ಅಲ್ಲಿ ಅದು ಆರೋಗ್ಯ ಕ್ಷೇತ್ರದ ಅರ್ಹತೆ ಪಡೆದ ಹುದ್ದೆ. ಗಾಯ ಪರೀಕ್ಷಿಸೋದು, ಡಾಕ್ಟರ್ ಹತ್ರ ಕಳಿಸೋದು ಅವರ ಕೆಲಸ. ವೈದ್ಯರು, ಟ್ರೇನರ್ ಬೇಡ ಅಂದ್ರೆ ಕೋಚ್ ಆಡಿಸೋ ಹಾಗಿಲ್ಲ. ಮೊದಲ ವಾರದಲ್ಲೇ, ಏನೂ ನೋವಿಲ್ಲದಿದ್ದಾಗಲೇ ಹೋಗಿ ಪರಿಚಯ ಮಾಡ್ಕೊಳ್ಳಿ. ಊರಿಂದ ಕಳಿಸಿದ ಲೇಹ್ಯ, ಚೂರ್ಣ, ಪ್ರೋಟೀನ್ ಪುಡಿ ಏನಿದ್ರೂ ಬಾಯಿಗೆ ಹಾಕೋ ಮುಂಚೆ ಅವರಿಗೆ ತೋರಿಸಿ. ಎನ್‌ಸಿಎಎಯಲ್ಲಿ ಡ್ರಗ್ ಟೆಸ್ಟ್ ಇದೆ, "ಅಜ್ಜಿ ಕೊಟ್ಟಿದ್ದು" ಅನ್ನೋದು ಅಲ್ಲಿ ನಡೆಯಲ್ಲ.

ಸಸ್ಯಾಹಾರಿಗಳಿಗೆ ಒಂದು ಮಾತು. ಅನ್ನ, ಚಪಾತಿಯಲ್ಲಿ ಶಕ್ತಿ ಇದೆ, ಅದಕ್ಕೆ ಭಯ ಪಡ್ಬೇಡಿ. ಕೊರತೆ ಆಗೋದು ಸಾಮಾನ್ಯವಾಗಿ ಕಬ್ಬಿಣ, ಬಿ12, ಪ್ರೋಟೀನ್. ಹೊರಡೋ ಮುಂಚೆ ರಕ್ತ ಪರೀಕ್ಷೆ ಮಾಡಿಸಿ, ಊಟದ ಜೊತೆ ಕಾಫಿ-ಟೀ ಬಿಡಿ, ಕಬ್ಬಿಣ ಹೀರಿಕೊಳ್ಳೋದನ್ನ ಅವು ತಡೀತವೆ.

ದುಡ್ಡಿನ ವಿಷಯ ಚಿಕ್ಕದಾಗಿ. "ಸ್ಕಾಲರ್‌ಶಿಪ್ ಸಿಕ್ತು" ಅಂದ್ರೆ ಪೂರ್ತಿ ಫೀಸ್ ಅಂದ್ಕೋಬೇಡಿ. ದಶಕಗಳ ಕಾಲ ಡಿವಿಜನ್ 1ರ ಪುರುಷರ ತಂಡಕ್ಕೆ ಇದ್ದದ್ದು 9.9 ಸ್ಕಾಲರ್‌ಶಿಪ್, ಮಹಿಳೆಯರಿಗೆ 14. ಅದನ್ನೇ ಎಲ್ಲರಿಗೂ ಹಂಚ್ತಿದ್ರು. 2025ರ ಹೌಸ್ ಒಪ್ಪಂದಕ್ಕೆ ಸೇರಿದ ಕಾಲೇಜುಗಳಲ್ಲಿ ಆ ಮಿತಿ ಹೋಗಿ, ಬದಲಿಗೆ ತಂಡಕ್ಕೆ 28 ಜನ ಅನ್ನೋ ಮಿತಿ ಬಂದಿದೆ. ಅಂದ್ರೆ ಸ್ಕಾಲರ್‌ಶಿಪ್ ಇಲ್ಲದೆ ತಂಡದ ಕೊನೆಯಲ್ಲಿ ಇದ್ದು ಬೆಳೆಯೋರಿಗೆ ಜಾಗ ಕಮ್ಮಿ. ಡಿವಿಜನ್ 3 ಮತ್ತು ಐವಿ ಲೀಗ್‌ನಲ್ಲಿ ಕ್ರೀಡಾ ಸ್ಕಾಲರ್‌ಶಿಪ್ಪೇ ಇಲ್ಲ. ಪತ್ರದಲ್ಲಿ ಎಷ್ಟು ವರ್ಷಕ್ಕೆ ಅಂತ ಬರೆದಿದೆ, ಗಾಯ ಆದ್ರೆ ಏನು ಅಂತ ಬರೆದಿದೆ, ಎರಡನ್ನೂ ಸಹಿಗೆ ಮುಂಚೆ ಓದಿ.

ಕೊನೆಗೆ ಕಾಗದ ಪತ್ರ. ಮೆಡಿಕಲ್ ಫಾರಂ ಮುಗೀದೆ ಕ್ಯಾಂಪ್‌ನಲ್ಲಿ ಬೂಟು ಕಟ್ಟೋಕೆ ಬಿಡಲ್ಲ. ಲಸಿಕೆ ದಾಖಲೆ, ವಿಮೆ, ಜೊತೆಗೆ ಸಿಕಲ್ ಸೆಲ್ ಪರೀಕ್ಷೆಯ ವರದಿ ಕೇಳ್ತಾರೆ. ಅಲ್ಲೇ ಹುಟ್ಟಿದ ಮಕ್ಕಳಿಗೆ ಹುಟ್ಟಿದಾಗ ಮಾಡಿದ ಪರೀಕ್ಷೆಯ ದಾಖಲೆ ಆಸ್ಪತ್ರೆಯಲ್ಲಿ ಸಿಗಬಹುದು. ಇಲ್ಲಿಂದ ಹೋಗೋರು ರಕ್ತ ಪರೀಕ್ಷೆ ಮಾಡಿಸಿ ಇಂಗ್ಲಿಷ್‌ನಲ್ಲಿರೋ ವರದಿ ತಗೊಂಡು ಹೋಗಿ. ಜುಲೈ ಕೊನೆಗೆ ಓಡಾಡೋ ಬದಲು ಜೂನ್ ಮೊದಲ ವಾರದಲ್ಲೇ ಮುಗಿಸಿಬಿಡಿ.