ಬಾಂಗ್ಲಾದೇಶ ಹುಟ್ಟಿದ್ದು ಹೇಗೆ? ಸಿಂಧನೂರಿಗೂ ಅದಕ್ಕೂ ಏನು ನಂಟು?

ರಾಯಚೂರು ಜಿಲ್ಲೆಯ ಸಿಂಧನೂರು ತಾಲೂಕಿನ ಆರ್‌.ಎಚ್‌. ಕ್ಯಾಂಪ್‌ಗಳಲ್ಲಿ ಇಂದಿಗೂ ಮನೆಮಾತು ಬಂಗಾಳಿ. ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತ ಕುಟುಂಬಗಳಿಗೆ 1970ರ ದಶಕದ ಆರಂಭದಲ್ಲಿ ಸರ್ಕಾರ ಇಲ್ಲಿ ಜಮೀನು ಕೊಟ್ಟು ನೆಲೆ ಕಲ್ಪಿಸಿತು. ಅದೇ ಹೊತ್ತಿಗೆ ಅವರು ಬಿಟ್ಟು ಬಂದ ನಾಡು ಬಾಂಗ್ಲಾದೇಶವಾಯಿತು.

ಭಾಷೆಯಿಂದ ಶುರು

1947ರಲ್ಲಿ ಹುಟ್ಟಿದ ಪಾಕಿಸ್ತಾನದಲ್ಲಿ ಬಂಗಾಳಿ ಮಾತನಾಡುವವರೇ ಬಹುಸಂಖ್ಯಾತರು. ಆದರೆ ಉರ್ದು ಒಂದೇ ರಾಷ್ಟ್ರಭಾಷೆ ಎಂದು 1948ರಲ್ಲಿ ಜಿನ್ನಾ ಢಾಕಾದಲ್ಲೇ ಘೋಷಿಸಿದರು. 1952ರ ಫೆಬ್ರವರಿ 21ರಂದು ಪ್ರತಿಭಟನೆಗಿಳಿದ ವಿದ್ಯಾರ್ಥಿಗಳ ಮೇಲೆ ಪೊಲೀಸರು ಗುಂಡು ಹಾರಿಸಿದರು. 1956ರ ಸಂವಿಧಾನದಲ್ಲಿ ಬಂಗಾಳಿಗೆ ಸ್ಥಾನ ಸಿಕ್ಕರೂ ಅಧಿಕಾರ ಮತ್ತು ಹಣ ಪಶ್ಚಿಮದ ಕೈಯಲ್ಲೇ ಉಳಿಯಿತು. ಹೀಗಾಗಿ 1966ರಲ್ಲಿ ಶೇಖ್ ಮುಜಿಬುರ್ ರೆಹಮಾನ್ ಆರು ಅಂಶಗಳ ಸ್ವಾಯತ್ತತೆಯ ಬೇಡಿಕೆ ಮುಂದಿಟ್ಟರು.

ಗೆದ್ದರೂ ಅಧಿಕಾರವಿಲ್ಲ

1970ರ ಡಿಸೆಂಬರ್ ಚುನಾವಣೆಯಲ್ಲಿ ಅವರ ಅವಾಮಿ ಲೀಗ್ 300 ಸ್ಥಾನಗಳ ಪೈಕಿ 160 ಗೆದ್ದಿತು. ಆದರೆ ಯಾಹ್ಯಾ ಖಾನ್ ಸಂಸತ್ ಅಧಿವೇಶನವನ್ನೇ ಮುಂದೂಡಿದರು. 1971ರ ಮಾರ್ಚ್ 25ರ ರಾತ್ರಿ ಸೇನೆ ಢಾಕಾದಲ್ಲಿ ಹತ್ಯಾಕಾಂಡ ಆರಂಭಿಸಿತು. ಮರುದಿನವೇ ಸ್ವಾತಂತ್ರ್ಯದ ಘೋಷಣೆಯಾಯಿತು. ಸುಮಾರು 1 ಕೋಟಿ ಜನ ಭಾರತಕ್ಕೆ ಓಡಿಬಂದರು. ಡಿಸೆಂಬರ್ 3ರಂದು ಭಾರತ-ಪಾಕ್ ಯುದ್ಧ ಶುರುವಾಗಿ, 16ರಂದು ಪಾಕ್ ಸೇನೆ ಢಾಕಾದಲ್ಲಿ ಶರಣಾಯಿತು.

ಇವರೇಕೆ ಮರಳಲಿಲ್ಲ?

ಯುದ್ಧ ಮುಗಿದ ಮೇಲೆ ಬಹುಪಾಲು ನಿರಾಶ್ರಿತರು ತಾಯ್ನಾಡಿಗೆ ಹಿಂದಿರುಗಿದರು. ಆದರೆ ಪೂರ್ವ ಬಂಗಾಳದ ಹಿಂದೂಗಳ ವಲಸೆ ದೇಶ ವಿಭಜನೆಯ ಕಾಲದಿಂದಲೂ ನಡೆದಿತ್ತು. 1964ರ ಕೋಮುಗಲಭೆ ಅದಕ್ಕೆ ಇನ್ನಷ್ಟು ವೇಗ ಕೊಟ್ಟಿತ್ತು. ಭಾಷೆಯ ಹೆಸರಿನಲ್ಲಿ ಹೊಸ ದೇಶ ಹುಟ್ಟಿದರೂ ಧರ್ಮದ ಕಾರಣಕ್ಕೆ ಮನೆ ಕಳೆದುಕೊಂಡವರ ಭಯ ಹೋಗಲಿಲ್ಲ. ಸಿಂಧನೂರಿಗೆ ಬಂದವರು ಇಲ್ಲೇ ಬೇರೂರಿ, ತುಂಗಭದ್ರಾ ನೀರಿನಲ್ಲಿ ಭತ್ತ ಬೆಳೆದರು.

ಪೌರತ್ವದ ಕಾಯುವಿಕೆ

ಜೀವ ಉಳಿಸಿಕೊಂಡು ಗಡಿ ದಾಟುವಾಗ ಕಾಗದಪತ್ರ ತಂದವರು ಕಡಿಮೆ. ಹೀಗಾಗಿ ಕ್ಯಾಂಪ್‌ನ ಹಲವರಿಗೆ ಪೌರತ್ವ ದಶಕಗಳ ಕಾಲ ಕಗ್ಗಂಟಾಗಿತ್ತು. ಪೌರತ್ವ ತಿದ್ದುಪಡಿ ಕಾಯ್ದೆಯ ನಿಯಮಗಳು 2024ರ ಮಾರ್ಚ್‌ನಲ್ಲಿ ಜಾರಿಗೆ ಬಂದ ನಂತರ ಇಲ್ಲಿನ ಕೆಲವರಿಗೆ ಪ್ರಮಾಣಪತ್ರ ಸಿಕ್ಕಿದೆ. ಅವರು ಬಿಟ್ಟು ಬಂದ ನಾಡು ಒಂಬತ್ತು ತಿಂಗಳಲ್ಲಿ ಸ್ವತಂತ್ರವಾಯಿತು. ಅವರು ಬಂದು ಸೇರಿದ ನಾಡಿನ ಪ್ರಜೆಗಳೆನಿಸಿಕೊಳ್ಳಲು ಅರ್ಧ ಶತಮಾನವೇ ಬೇಕಾಯಿತು.