ಮೊಳೆ, ಖಿಳಾ ಮತ್ತು ಓಲೆಗರಿ: ಜತ್ತ ಗಡಿಯಲ್ಲಿ ಪುಸ್ತಕ ಪ್ರದರ್ಶನದ ಹೊಣೆ

ಕೈಬರಹದ ಹೊತ್ತಗೆಗಳನ್ನೂ ಮೊಳೆಯಚ್ಚಿನ ಸಲಕರಣೆಗಳನ್ನೂ ಒಂದೆಡೆ ಇರಿಸಿ ಜನರಿಗೆ ತೋರಿಸುವ ಪ್ರದರ್ಶನಗಳು ಹೆಚ್ಚಾಗಿ ನಗರಗಳಲ್ಲಿ ನಡೆಯುತ್ತವೆ. ಅಲ್ಲಿ ಹಳೆಯ ಯಂತ್ರವು ಕುತೂಹಲದ ವಸ್ತು, ಕೈಕಾಗದದ ಪುಸ್ತಕವು ಅಂದದ ವಸ್ತು. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನಂತಹ ಗಡಿ ನೆಲದಲ್ಲಿ ಅದೇ ಪ್ರದರ್ಶನಕ್ಕೆ ಇನ್ನೊಂದು ಹೊಣೆಯಿದೆ. ಅನೇಕ ಹಳ್ಳಿಗಳಲ್ಲಿ ಕನ್ನಡ ಮನೆಮಾತಾಗಿದ್ದು, ಆಡಳಿತ ಮರಾಠಿಯಲ್ಲಿ ನಡೆಯುವ ಇಲ್ಲಿ, ಒಂದು ಪುಸ್ತಕ ಎಲ್ಲಿ ತಯಾರಾಯಿತು, ಯಾರ ಕೈದಾಟಿ ಮನೆಗೆ ಬಂತು ಎಂಬ ಪ್ರಶ್ನೆಯು ಯಾವ ಪಠ್ಯ ಉಳಿಯಿತು ಎಂಬ ಪ್ರಶ್ನೆಯೊಡನೆ ಹೆಣೆದುಕೊಂಡಿದೆ. ಪುಸ್ತಕ ಮಾಡುವ ಸಾಧನ ಸಮುದಾಯದ ಕೈಯಲ್ಲಿದ್ದಾಗ ಏನಾಯಿತು, ಇಲ್ಲದಾಗ ಏನಾಯಿತು ಎಂಬುದನ್ನು ವಸ್ತುಗಳ ಮೂಲಕ ತಿಳಿಸುವುದೇ ಆ ಹೊಣೆ.

ಜತ್ತವು ಡಫಳೆ ಮನೆತನದ ಸಂಸ್ಥಾನವಾಗಿತ್ತು. ಬ್ರಿಟಿಷರ ಕಾಲದಲ್ಲಿ ಅದು ಬಿಜಾಪುರ ಏಜೆನ್ಸಿಗೆ ಸೇರಿತ್ತು. 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ದಕ್ಷಿಣ ಸಾತಾರಾ ಎನಿಸಿಕೊಂಡಿದ್ದ ಜಿಲ್ಲೆಗೆ ಸಾಂಗಲಿ ಎಂಬ ಹೆಸರು ಬಂದುದು 1960ರಲ್ಲಿ. ಆಡಳಿತದ ಗೆರೆಗಳು ಹೀಗೆ ಸರಿದಾಡಿದರೂ ಗುಡ್ಡಾಪುರದ ದಾನಮ್ಮನ ಗುಡಿಗೆ ಎರಡೂ ರಾಜ್ಯಗಳ ಭಕ್ತರು ಬರುವುದು ನಿಂತಿಲ್ಲ. ಪುಸ್ತಕಗಳೂ ಇಂಥವೇ ದಾರಿಗಳಲ್ಲಿ ನಡೆದು ಬಂದಿವೆ.

ಹೆಸರುಗಳ ನೆರೆಹೊರೆ

ಎರಡೂ ಭಾಷೆ ಬಲ್ಲವರಿಗೆ ಮೊದಲು ಕಾಣುವುದು ಪದಗಳ ಸಾಮ್ಯ. ಅಚ್ಚಿನ ಸೀಸದಕ್ಷರಕ್ಕೆ ಕನ್ನಡವು 'ಮೊಳೆ' ಎಂದಿತು. ಮರಾಠಿಯು 'ಖಿಳಾ' ಎಂದಿತು. ಎರಡರ ಮೂಲಾರ್ಥವೂ ಗೋಡೆಗೆ ಹೊಡೆಯುವ ಮೊಳೆಯೇ. ಕನ್ನಡದಲ್ಲಿ ಮೊಳೆ ಜೋಡಿಸುತ್ತಾರೆ, ಮರಾಠಿಯಲ್ಲಿ ಖಿಳೆ ಜುಳವುತ್ತಾರೆ. ಕಲ್ಲಿನ ಮೇಲೆ ಬರೆದು ಪ್ರತಿ ತೆಗೆಯುವ ವಿಧಾನವು ಇಲ್ಲಿ ಕಲ್ಲಚ್ಚು, ಅಲ್ಲಿ ಶಿಳಾಛಾಪ. ಉತ್ತರ ಕರ್ನಾಟಕದ ಹಿರಿಯರು ಮುದ್ರಣಾಲಯವನ್ನು 'ಛಾಪಖಾನೆ' ಎಂದೇ ಕರೆದರು. ಪೋತಿ, ವಹಿ, ದಫ್ತರ ಎಂಬ ಮಾತುಗಳು ಎರಡೂ ಕಡೆ ಸಲ್ಲುತ್ತವೆ. ಇಂಗ್ಲಿಷಿನ ಪಾರಿಭಾಷಿಕ ಪದಗಳನ್ನು ಹಾಗೆಯೇ ಎತ್ತಿಕೊಳ್ಳುವ ಬದಲು ಕಸುಬಿನವರು ಕಣ್ಣಿಗೆ ಕಂಡ ಆಕಾರಕ್ಕೆ ತಮ್ಮ ಭಾಷೆಯಲ್ಲೇ ಹೆಸರಿಟ್ಟರೆಂಬುದಕ್ಕೆ ಇದು ಸಾಕ್ಷಿ. ಆದ್ದರಿಂದ ಪ್ರದರ್ಶನದ ಪ್ರತಿ ವಸ್ತುವಿಗೂ ಎರಡು ಭಾಷೆಯ ಹೆಸರಪಟ್ಟಿ ಅಗತ್ಯ.

ಕೈಯಿಂದಾದ ಹೊತ್ತಗೆ

ಅಚ್ಚಿಗೆ ಮುಂಚಿನ ಕನ್ನಡ ಪುಸ್ತಕವು ಮುಖ್ಯವಾಗಿ ಮೂರು ರೂಪಗಳಲ್ಲಿ ಉಳಿದಿದೆ. ಮೊದಲನೆಯದು ಓಲೆಗರಿ. ಹದಗೊಳಿಸಿ ಒಣಗಿಸಿದ ಗರಿಯನ್ನು ಒಂದೇ ಅಳತೆಗೆ ಕತ್ತರಿಸಿ, ರಂಧ್ರ ಕೊರೆದು, ಕಂಠದಿಂದ ಅಕ್ಷರ ಕೊರೆಯುತ್ತಿದ್ದರು. ಬಳಿಕ ಮಸಿ ತೀಡಿದಾಗ ಗೀರುಗಳು ಕಪ್ಪಾಗಿ ಕಾಣುತ್ತಿದ್ದವು. ಎರಡನೆಯದು ಕಡತ. ಬಟ್ಟೆಗೆ ಹುಣಿಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಸವರಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಈ ಕಪ್ಪು ಪುಸ್ತಕದ ಮೇಲೆ ಬಳಪದಿಂದ ಬರೆಯುತ್ತಿದ್ದರು. ಅಳಿಸಿ ಮತ್ತೆ ಬರೆಯಬಹುದಾದ್ದರಿಂದ ಅದು ಲೆಕ್ಕಪತ್ರಕ್ಕೂ ದಾಖಲೆಗೂ ಒದಗಿತು. ಮೂರನೆಯದು ಕೈಕಾಗದದ ಬಿಡಿ ಹಾಳೆಗಳ ಪೋತಿ.

ಓಲೆಗರಿಯ ಬರವಣಿಗೆಯಲ್ಲಿ ಪದಗಳ ನಡುವೆ ತೆರಪಿಲ್ಲ; ಗರಿಯ ಉದ್ದವೇ ಸಾಲಿನ ಉದ್ದ. ಇಂದು ಓದುಗರು ವಚನವನ್ನು ಕವಿತೆಯಂತೆ ಸಾಲು ಮುರಿದ ರೂಪದಲ್ಲಿ ಕಾಣುತ್ತಾರೆ. ಆ ಸಾಲುಗಳು ಗರಿಯಿಂದ ಬಂದವಲ್ಲ. ಸಂಪಾದಕರು ಅಚ್ಚಿನ ಪುಟಕ್ಕಾಗಿ ತೆಗೆದುಕೊಂಡ ನಿರ್ಧಾರದ ಫಲ. ಒಂದೇ ವಚನದ ಗರಿಯನ್ನೂ ಅಚ್ಚಾದ ಪುಟವನ್ನೂ ಅಕ್ಕಪಕ್ಕದಲ್ಲಿಟ್ಟರೆ, ಪ್ರಕಾರದ ಬಗೆಗಿನ ನಮ್ಮ ಎಷ್ಟೋ ತೀರ್ಮಾನಗಳು ಮುದ್ರಣದಿಂದ ಮೂಡಿದವೆಂಬುದು ವಿವರಣೆಯಿಲ್ಲದೆಯೇ ತಿಳಿಯುತ್ತದೆ.

ಪುಸ್ತಕಗಳನ್ನು ಭಾಷೆಯ ಪ್ರಕಾರ ಬೇರೆ ಬೇರೆ ಮೇಜುಗಳಿಗೆ ಹಂಚುವುದು ಸುಲಭ. ಆದರೆ ಜತ್ತದ ಮಟ್ಟಿಗೆ ಅದು ತಪ್ಪು ದಾರಿ. ತಾಲ್ಲೂಕಿನ ಉಮದಿ ಗ್ರಾಮದ ಭಾವುಸಾಹೇಬ ಮಹಾರಾಜರು (1843–1914) ಇಂಚಗೇರಿ ಸಂಪ್ರದಾಯದ ಮೂಲಪುರುಷರಲ್ಲಿ ಒಬ್ಬರು. ಈ ಸಂಪ್ರದಾಯದಲ್ಲಿ ಸಮರ್ಥ ರಾಮದಾಸರ 'ದಾಸಬೋಧ'ದ ಪಾರಾಯಣಕ್ಕೆ ಮುಖ್ಯ ಸ್ಥಾನವಿದೆ. ಕನ್ನಡ ಮಾತನಾಡುವ ಮನೆಯ ದೇವರ ಜಗಲಿಯ ಮೇಲೆ ಮರಾಠಿ ಗ್ರಂಥವಿರುವುದು ಇಲ್ಲಿ ಸಹಜ. ಭಾವುಸಾಹೇಬರ ಶಿಷ್ಯರಾದ ಗುರುದೇವ ರಾನಡೆಯವರು ಮಹಾರಾಷ್ಟ್ರದ ಅನುಭಾವವನ್ನು ಕುರಿತು 1933ರಲ್ಲಿ ಇಂಗ್ಲಿಷ್ ಗ್ರಂಥ ಪ್ರಕಟಿಸಿದರು. ಕನ್ನಡ ಸಾಹಿತ್ಯದಲ್ಲಿನ ದೇವಪಥವನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ ಅವರು ತೀರಿಕೊಂಡ ಮೇಲೆ ಬೆಳಕಿಗೆ ಬಂತು. ಉಮದಿಯಲ್ಲಿ ಬೇರೂರಿದ ಪರಂಪರೆಯೊಂದು ಹೀಗೆ ಎರಡು ಸಾಹಿತ್ಯಗಳ ತೌಲನಿಕ ಓದಿಗೆ ದಾರಿ ಮಾಡಿತು. ಭಾಷೆಯ ಮೇಜುಗಳು ಈ ನಂಟನ್ನು ಮರೆಮಾಡುತ್ತವೆ.

ಕಲ್ಲಿನಿಂದ ಸೀಸಕ್ಕೆ

ಕನ್ನಡ ಮುದ್ರಣದ ಚರಿತ್ರೆಯು ಸಾಮಾನ್ಯವಾಗಿ ವಿಲಿಯಂ ಕೇರಿಯ ವ್ಯಾಕರಣದಿಂದ ಆರಂಭವಾಗುತ್ತದೆ. 1817ರ ಆ ಪುಸ್ತಕ ಅಚ್ಚಾದುದು ಕನ್ನಡ ನಾಡಿನಿಂದ ಬಹುದೂರದ, ಬಂಗಾಳದ ಶ್ರೀರಾಮಪುರದಲ್ಲಿ. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯವು 1841ರಲ್ಲಿ ಕಲ್ಲಚ್ಚಿನಿಂದ ಕೆಲಸ ತೊಡಗಿತು. 1843ರ ಜುಲೈ 1ರಂದು ಹೊರಬಂದ 'ಮಂಗಳೂರ ಸಮಾಚಾರ'ವೂ ಕಲ್ಲಚ್ಚಿನದೇ.

ಕಲ್ಲಚ್ಚು ಬಹುಕಾಲ ಒಗ್ಗಿದ್ದಕ್ಕೆ ಲಿಪಿಯ ಸ್ವಭಾವವೂ ಒಂದು ಕಾರಣ. ಕಲ್ಲಿನ ಮೇಲೆ ಲಿಪಿಕಾರನ ಕೈಬರಹವೇ ಮೂಡುವುದರಿಂದ ಎಂತಹ ಸಂಯುಕ್ತಾಕ್ಷರವಿದ್ದರೂ ತೊಡಕಿಲ್ಲ. ಮೊಳೆಯಲ್ಲಿ ಹಾಗಲ್ಲ. ಕನ್ನಡದ 34 ವ್ಯಂಜನಗಳು 13 ಸ್ವರಗಳೊಡನೆ ಸೇರಿದರೆ 442 ರೂಪಗಳಾಗುತ್ತವೆ; ಒತ್ತಕ್ಷರಗಳ ಲೆಕ್ಕ ಬೇರೆ. ಎಲ್ಲಕ್ಕೂ ಪ್ರತ್ಯೇಕ ಮೊಳೆ ಎರಕ ಹೊಯ್ಯುವುದು ಅಸಾಧ್ಯವಾದ್ದರಿಂದ ದೀರ್ಘ, ಕೊಂಬು, ಒತ್ತುಗಳನ್ನು ಬಿಡಿ ಮೊಳೆಗಳಾಗಿ ಮಾಡಿ, ಮೂಲಾಕ್ಷರಕ್ಕೆ ಹೊಂದಿಸಿ ಕೂರಿಸುತ್ತಿದ್ದರು. 'ಮಹಾರಾಷ್ಟ್ರ' ಎಂಬ ಪದವನ್ನೇ ನೋಡಬಹುದು. ಅದರ ಕೊನೆಯಕ್ಷರದಲ್ಲಿ ಷಕಾರಕ್ಕೆ ಟಕಾರದ ಒತ್ತು, ಅದರ ಜೊತೆಗೆ ರಕಾರದ ಒತ್ತು ಸೇರಬೇಕು. ಅದೇ ಪದ ನಾಗರಿಯಲ್ಲಿ ತಲೆಗೆರೆಯ ಕೆಳಗೆ ತೂಗುತ್ತದೆ. ಅಲ್ಲಿಯ ಸಮಸ್ಯೆ ಗೆರೆ ತುಂಡಾಗದಂತೆ ಮೊಳೆಗಳನ್ನು ಒತ್ತಾಗಿ ಕೂಡಿಸುವುದು. ಒಂದೇ ಪದ ಎರಡು ಲಿಪಿಗಳಲ್ಲಿ ಎರಡು ಬಗೆಯ ಕೈಚಳಕವನ್ನು ಬೇಡುತ್ತದೆ.

ಇದರ ಆರ್ಥಿಕ ಮುಖವೂ ಗಮನಾರ್ಹ. ಸೀಸ, ತವರ, ಆಂಟಿಮನಿಗಳ ಮಿಶ್ರಲೋಹದ ಮೊಳೆಗಳು ದುಬಾರಿ. ಎರಡು ಲಿಪಿಗಳಲ್ಲಿ ಅಚ್ಚು ಹಾಕಬೇಕಾದರೆ ಎರಡು ಜೊತೆ ಮೊಳೆ, ಎರಡು ಜೊತೆ ಕೇಸು, ಎರಡೂ ಲಿಪಿಗಳಲ್ಲಿ ಕೈ ಪಳಗಿದ ಕಂಪಾಸಿಟರ್ ಬೇಕು. ಮೊಳೆ ಸೀಮಿತವಾಗಿದ್ದರಿಂದ ಒಂದು ಫಾರಂ ಮುದ್ರಿಸಿ, ಮೊಳೆಗಳನ್ನು ಬಿಚ್ಚಿ, ಖಾನೆಗಳಿಗೆ ಮರಳಿ ಹಾಕಿದ ಮೇಲೆಯೇ ಮುಂದಿನ ಫಾರಮಿನ ಜೋಡಣೆ. ಮರುಮುದ್ರಣವೆಂದರೆ ಮೊದಲಿನಿಂದ ಜೋಡಿಸುವುದು. ಓದುಗರು ಕಡಿಮೆಯಿರುವ ಭಾಷೆಯ ಪುಸ್ತಕವನ್ನು ಗಡಿ ಊರಿನ ಸಣ್ಣ ಮುದ್ರಣಾಲಯ ಕೈಗೆತ್ತಿಕೊಳ್ಳುವುದು ಏಕೆ ಕಷ್ಟವಾಗಿತ್ತೆಂಬುದಕ್ಕೆ ಭಾಷಾಭಿಮಾನದ ಕೊರತೆಗಿಂತ ಈ ಲೆಕ್ಕಾಚಾರ ಹೆಚ್ಚು ಉತ್ತರ ಕೊಡುತ್ತದೆ.

ನೆರೆಯ ಬಿಜಾಪುರದ ಪಾಠ

ಈ ಲೆಕ್ಕಾಚಾರವನ್ನು ಮೀರಿದ ನಿದರ್ಶನ ಜತ್ತಕ್ಕೆ ಹೊಂದಿಕೊಂಡ ಬಿಜಾಪುರದಲ್ಲೇ ಇದೆ. ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು (1880–1964) ಮಠಗಳಿಂದಲೂ ಮನೆಗಳಿಂದಲೂ ವಚನಗಳ ಓಲೆಗರಿಗಳನ್ನು ಸಂಗ್ರಹಿಸಿ, ಪ್ರತಿ ಮಾಡಿ, ವರ್ಗೀಕರಿಸಿದರು. 'ವಚನಶಾಸ್ತ್ರಸಾರ'ದ ಮೊದಲ ಭಾಗ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಆದರೆ ಸಂಗ್ರಹವಾದ ರಾಶಿಗೆ ಹೋಲಿಸಿದರೆ ಅದು ಒಂದು ಹಿಡಿ. ಉಳಿದುದನ್ನು ಪರರ ಮುದ್ರಣಾಲಯದ ಬಿಡುವಿಗೆ ಕಾಯುತ್ತ ಪ್ರಕಟಿಸುವುದು ಆಗದ ಕೆಲಸವೆಂದು ಕಂಡ ಅವರು 1925ರಲ್ಲಿ ಬಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಅದಕ್ಕಾಗಿ ಸ್ವಂತ ಮನೆಯನ್ನು ಮಾರಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯೂ 1927ರಲ್ಲಿ 'ನವಕರ್ನಾಟಕ' ವಾರಪತ್ರಿಕೆಯೂ ಆರಂಭವಾದವು.

ಹಳಕಟ್ಟಿಯವರ ಸಂಪಾದನ ವಿಧಾನವನ್ನು ಕುರಿತು ವಿದ್ವಾಂಸರು ಸಾಕಷ್ಟು ಚರ್ಚಿಸಿದ್ದಾರೆ. ಮುದ್ರಣಾಲಯದ ಒಡೆತನವೂ ಆ ವಿಧಾನದ ಭಾಗವೆಂಬುದಕ್ಕೆ ಅಷ್ಟು ಗಮನ ಸಂದಿಲ್ಲ. ಮೊಳೆಗಳು ಕೈಯಳತೆಯಲ್ಲಿದ್ದುದರಿಂದ ದೊರೆತ ಸಾಮಗ್ರಿಯನ್ನು ಪತ್ರಿಕೆಯಲ್ಲಿ ಕಂತು ಕಂತಾಗಿ ಅಚ್ಚು ಹಾಕುವುದು, ಮಾರುಕಟ್ಟೆಯ ಭರವಸೆಯಿಲ್ಲದ ವಚನಕಾರರನ್ನೂ ಪ್ರಕಟಿಸುವುದು ಸಾಧ್ಯವಾಯಿತು. ವಚನಗಳು ಇಪ್ಪತ್ತನೆಯ ಶತಮಾನದ ಕನ್ನಡ ಸಾಹಿತ್ಯದ ನಡುಮನೆಗೆ ಬಂದುದರಲ್ಲಿ ಸೀಸದ ಕೇಸುಗಳ ಪಾಲೂ ಇದೆ.

ಅಚ್ಚಾದ ಮಾತ್ರಕ್ಕೆ ಪುಸ್ತಕ ಓದುಗನನ್ನು ತಲುಪುವುದಿಲ್ಲ. ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದ ಗಳಗನಾಥರು (1869–1942) ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದ್ದು ಪ್ರಸಿದ್ಧ. ಎರಡು ಭಾಷೆಗಳ ನಡುವಿನ ಅನುವಾದಕ್ಕೆ ಲೇಖನಿಯಷ್ಟೇ ಕಾಲ್ನಡಿಗೆಯೂ ಬೇಕಾಗಿತ್ತು.

ಮುದ್ರಕನ ಹೆಸರಿನ ಸಾಲು

1867ರ ಮುದ್ರಣ ಮತ್ತು ಪುಸ್ತಕ ನೋಂದಣಿ ಕಾಯ್ದೆಯು ಬ್ರಿಟಿಷ್ ಇಂಡಿಯಾದ ಪ್ರತಿ ಪುಸ್ತಕದ ಮೇಲೂ ಮುದ್ರಕನ ಹೆಸರು ಮತ್ತು ಮುದ್ರಣದ ಸ್ಥಳವನ್ನು ಕಡ್ಡಾಯಗೊಳಿಸಿತು. ಪ್ರಾಂತವಾರು ಪಟ್ಟಿಗಳೂ ಸಿದ್ಧವಾದವು. ಸಂಸ್ಥಾನಗಳು ಬ್ರಿಟಿಷ್ ಇಂಡಿಯಾದ ಹೊರಗಿದ್ದುದರಿಂದ ಜತ್ತದಂತಹ ಊರುಗಳ ಮಟ್ಟಿಗೆ ಆ ಪಟ್ಟಿಗಳನ್ನೇ ನೆಚ್ಚುವಂತಿಲ್ಲ. ಮನೆಗಳಲ್ಲಿ ಉಳಿದ ಪ್ರತಿಗಳೇ ಆಧಾರ. 1867ರ ಕಾಯ್ದೆಯ ಸ್ಥಾನದಲ್ಲಿ ಬಂದಿರುವ 2023ರ ಕಾಯ್ದೆಯು ನಿಯತಕಾಲಿಕಗಳಿಗೆ ಮಾತ್ರ ಅನ್ವಯಿಸುತ್ತದೆ; ಪುಸ್ತಕಗಳು ಅದರ ವ್ಯಾಪ್ತಿಯಲ್ಲಿಲ್ಲ. ಹಾಗಾಗಿ ಹಳೆಯ ಪುಸ್ತಕದ ಕೊನೆಯ ಪುಟದ ಸಣ್ಣ ಸಾಲು ಈಗ ಇನ್ನಷ್ಟು ಬೆಲೆಯುಳ್ಳದ್ದಾಗಿದೆ. ಆ ಸಾಲುಗಳನ್ನು ಒಂದೊಂದಾಗಿ ನಕ್ಷೆಯ ಮೇಲೆ ಗುರುತಿಸಿದರೆ ಜತ್ತಕ್ಕೆ ಪುಸ್ತಕ ಬಂದ ದಾರಿಗಳೇ ಮೂಡುತ್ತವೆ. ಇಂದಿನ ಕನ್ನಡ ಮಾಧ್ಯಮದ ಮಕ್ಕಳ ಪಠ್ಯಪುಸ್ತಕ ಅದೇ ನಕ್ಷೆಯಲ್ಲಿ ಪುಣೆಯನ್ನು ತೋರಿಸುತ್ತದೆ. 1967ರಲ್ಲಿ ಸ್ಥಾಪನೆಯಾದ ಬಾಲಭಾರತಿಯು ಮರಾಠಿಯ ಜೊತೆಗೆ ಕನ್ನಡದಲ್ಲೂ ಪಠ್ಯಗಳನ್ನು ಹೊರತರುತ್ತದೆ. ಅವುಗಳನ್ನೂ ಪ್ರದರ್ಶನದಲ್ಲಿ ಇಡುವುದು ಉಚಿತ.

ಪ್ರದರ್ಶನದಿಂದ ದಾಖಲೆಗೆ

ಮೇಲಿನ ವಿವರಗಳಿಂದ ಪ್ರದರ್ಶನದ ಕ್ರಮ ಹೊರಡುತ್ತದೆ. ಪಾರಾಯಣದ ಪೋತಿ, ಭಜನೆಯ ಕಿರುಪುಸ್ತಕ, ಜಾತ್ರೆಯ ಹ್ಯಾಂಡ್‌ಬಿಲ್, ಲಗ್ನಪತ್ರಿಕೆ, ಕಿರ್ದಿ ವಹಿ ಇವೆಲ್ಲವನ್ನೂ ಮನೆಯವರೇ ತರಬೇಕು, ಸಂಜೆ ಮನೆಯವರೇ ಒಯ್ಯಬೇಕು. ನಡುವೆ ನೋಂದಣಿಯ ಮೇಜೊಂದಿರಬೇಕು. ಭಾಷೆ, ಲಿಪಿ, ಮುದ್ರಣದ ಊರು, ವರ್ಷ, ಪುಟಗಳ ಅಂಚಿನ ಕೈಬರಹ, ಮನೆಯಲ್ಲಿ ಅದನ್ನು ಓದುತ್ತಿದ್ದವರು ಯಾರು, ಗಟ್ಟಿಯಾಗಿ ಓದುತ್ತಿದ್ದರೇ ಎಂಬ ವಿವರಗಳು ಅಲ್ಲಿ ದಾಖಲಾಗಬೇಕು. ಗ್ರಂಥಾಲಯದ ಪಟ್ಟಿಗಳು ಕೊನೆಯ ಎರಡು ಪ್ರಶ್ನೆಗಳನ್ನು ಕೇಳುವುದಿಲ್ಲ. ದ್ವಿಭಾಷಿಕ ಓದಿನ ಚರಿತ್ರೆಗೆ ಅವೇ ಮುಖ್ಯ. ಪುಸ್ತಕದ ಛಾಯಾಪ್ರತಿಯನ್ನು ಮನೆಯವರ ಒಪ್ಪಿಗೆಯಿಂದ ಮಾತ್ರ ಇಟ್ಟುಕೊಳ್ಳಬೇಕು. ಅದರ ಒಂದು ಪ್ರತಿ ಅವರಿಗೂ ಸಲ್ಲಬೇಕು.

ಯಂತ್ರ ದೊರೆತರೆ ಅದು ಓಡುತ್ತಿರಬೇಕು. ಟ್ರೆಡಲ್ ಯಂತ್ರದ ಬಳಿ ಕಸುಬು ಬಲ್ಲ ಹಿರಿಯರೊಬ್ಬರು ಕುಳಿತು, ಊರಿನ ಹೆಸರನ್ನು ಕನ್ನಡ ಮೊಳೆಯಲ್ಲೂ ನಾಗರಿ ಖಿಳೆಯಲ್ಲೂ ಮಕ್ಕಳಿಂದ ಜೋಡಿಸಿ ತೆಗೆಸಬಹುದು. ಸೀಸ ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಸುವುದು ಅದರದೇ ಭಾಗ. ಹಿರಿಯರ ಮಾತುಗಳನ್ನು ಧ್ವನಿಮುದ್ರಿಸುವುದು ಯಂತ್ರದ ಪ್ರದರ್ಶನಕ್ಕಿಂತಲೂ ತುರ್ತು. ಗುಜರಿಗೆ ತೂಕದಲ್ಲಿ ಮಾರಿದ ಮೊಳೆಗಳು ಮರಳುವುದಿಲ್ಲ. ಅವುಗಳನ್ನು ನೋಡದೆಯೇ ಖಾನೆಯಿಂದ ಹೆಕ್ಕುತ್ತಿದ್ದ ಬೆರಳುಗಳ ತಿಳಿವಳಿಕೆ ಆ ಹಿರಿಯರಲ್ಲಿ ಇನ್ನೂ ಇದೆ.

ಅಂತಹ ಪ್ರದರ್ಶನ ಮುಗಿದಾಗ ಉಳಿಯಬೇಕಾದದ್ದು ಒಂದು ನೋಂದಣಿ ಪುಸ್ತಕ. ಜತ್ತದ ಮನೆಗಳಲ್ಲಿ ಯಾವ ಕನ್ನಡ ಪುಸ್ತಕಗಳಿವೆ, ಅವು ಯಾವ ಊರಿಂದ ಬಂದವು, ಯಾವ ಮರಾಠಿ ಪುಸ್ತಕಗಳ ಪಕ್ಕದಲ್ಲಿ ಕುಳಿತಿವೆ ಎಂಬುದನ್ನು ಎರಡೂ ಭಾಷೆಗಳಲ್ಲಿ ಹೇಳುವ ಆ ಪಟ್ಟಿ ಸಂಶೋಧಕರಿಗೆ ಆಕರ, ಊರಿನವರಿಗೆ ಆಸ್ತಿಪತ್ರ.