ಉಳಿಸಿದ ಯೂನಿಟ್‌ಗೆ ಬೆಲೆ ಎಷ್ಟು? ಬಿಲ್ಲಿನಲ್ಲಿ ಕಾಣದ ಇಂಗಾಲದ ಲೆಕ್ಕ

ಶ್ರೀಮಂಗಲ (ಕೊಡಗು): ಸಕಾಲಕ್ಕೆ ಹೂಮಳೆ ಬಾರದಿದ್ದರೆ ದಕ್ಷಿಣ ಕೊಡಗಿನ ರೊಬಸ್ಟಾ ಬೆಳೆಗಾರರು ಪಂಪ್‌ಸೆಟ್ ಹೂಡಿ ಸ್ಪ್ರಿಂಕ್ಲರ್‌ನಿಂದ ತೋಟ ತೋಯಿಸಬೇಕು. ಕೊಯ್ಲಿನ ವೇಳೆ ಅಕಾಲಿಕ ಮಳೆ ಸುರಿದರೆ ಕಣದಲ್ಲಿ ಹರಡಿದ ಕಾಫಿಯೂ ಕೆಡುತ್ತದೆ. ಪ್ರತಿ ವರ್ಷದ ಏರುಪೇರಿಗೂ ಇಂಗಾಲವೇ ಕಾರಣವೆನ್ನಲಾಗದು. ಆದರೆ ತಾಪಮಾನ ಏರಿದಂತೆ ಇಂತಹ ನಷ್ಟ ಹೆಚ್ಚುತ್ತದೆ. ಅದು ಕಲ್ಲಿದ್ದಲು ಸ್ಥಾವರಗಳ ಲೆಕ್ಕಪುಸ್ತಕದಲ್ಲಿ ಮಾತ್ರ ಕಾಣುವುದಿಲ್ಲ. ಈ ನಷ್ಟವನ್ನು ಹಣದಲ್ಲಿ ಅಳೆಯುವ ಪ್ರಯತ್ನವೇ ‘ಇಂಗಾಲದ ಸಾಮಾಜಿಕ ವೆಚ್ಚ’.

ಏನಿದು?

ಒಂದು ಟನ್ ಇಂಗಾಲದ ಡೈಆಕ್ಸೈಡ್ ವಾತಾವರಣ ಸೇರಿದರೆ ಬೆಳೆ, ಆರೋಗ್ಯ, ಆಸ್ತಿಗಳಿಗೆ ಮುಂದೆ ಆಗುವ ಒಟ್ಟು ಹಾನಿಯ ಇಂದಿನ ಮೌಲ್ಯವಿದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2023ರಲ್ಲಿ ಇದನ್ನು 190 ಡಾಲರ್ ಎಂದು ಅಂದಾಜಿಸಿತ್ತು. ಇದು ತೆರಿಗೆಯಲ್ಲ, ಗ್ರಾಹಕರ ಬಿಲ್ಲಿಗೆ ಸೇರುವ ಮೊತ್ತವೂ ಅಲ್ಲ. ಯೋಜನೆಗಳನ್ನು ತೂಗುವ ಬೊಟ್ಟು ಮಾತ್ರ.

ಪಂಪ್‌ಸೆಟ್ ಲೆಕ್ಕ

ಹಳೆಯ ಪಂಪ್‌ಸೆಟ್ ಬದಲಿಸಿದರೆ ವರ್ಷಕ್ಕೆ 1,000 ಯೂನಿಟ್ ಉಳಿಯುತ್ತದೆ, ಅದಕ್ಕೆ ಸರ್ಕಾರಕ್ಕೆ ತಗಲುವ ವಾರ್ಷಿಕ ವೆಚ್ಚ 8,000 ರೂ. ಎಂದು ಊಹಿಸೋಣ. ಯೂನಿಟ್‌ಗೆ 5 ರೂ.ನಂತೆ ಉಳಿತಾಯ 5,000 ರೂ. ಮಾತ್ರ. ಯೋಜನೆ ನಷ್ಟದ್ದು ಎನಿಸುತ್ತದೆ. ಆದರೆ ದೇಶದ ವಿದ್ಯುತ್ ಜಾಲದಲ್ಲಿ ಪ್ರತಿ ಯೂನಿಟ್‌ಗೆ ಸರಾಸರಿ 0.7 ಕೆ.ಜಿ.ಯಷ್ಟು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅಂದರೆ ತಪ್ಪಿದ್ದು 700 ಕೆ.ಜಿ. ಡಾಲರಿಗೆ 85 ರೂ.ನಂತೆ ಇದರ ಮೌಲ್ಯ ಸುಮಾರು 11,300 ರೂ. ಇದನ್ನು ಸೇರಿಸಿದರೆ ಅದೇ ಯೋಜನೆ ಲಾಭದ್ದಾಗುತ್ತದೆ.

ತಕರಾರು ಎಲ್ಲಿ?

ಟ್ರಂಪ್ ಅವರ ಮೊದಲ ಅವಧಿಯಲ್ಲಿ ಅಮೆರಿಕ ಸರ್ಕಾರ ಈ ವೆಚ್ಚವನ್ನು ಕೇವಲ 1ರಿಂದ 7 ಡಾಲರ್‌ಗೆ ಇಳಿಸಿತ್ತು. ತನ್ನ ದೇಶದೊಳಗಿನ ಹಾನಿಯನ್ನಷ್ಟೇ ಎಣಿಸಿ, ಭವಿಷ್ಯದ ನಷ್ಟಕ್ಕೆ ಕಡಿಮೆ ಬೆಲೆ ಕಟ್ಟಿದ್ದೇ ಕಾರಣ. 7 ಡಾಲರ್‌ನಂತೆ ನಮ್ಮ ಪಂಪ್‌ಸೆಟ್ ಯೋಜನೆಗೆ ಸೇರುವುದು 420 ರೂ.ನಷ್ಟು ಮಾತ್ರ, ಅದು ಮತ್ತೆ ನಷ್ಟದ್ದೇ. ಇನ್ನೊಂದೆಡೆ, 2018ರಲ್ಲಿ ‘ನೇಚರ್ ಕ್ಲೈಮೇಟ್ ಚೇಂಜ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವು ಪ್ರತಿ ಟನ್‌ನಿಂದ ಭಾರತವೊಂದಕ್ಕೇ 86 ಡಾಲರ್ ಹಾನಿ, ಇದು ಎಲ್ಲ ದೇಶಗಳಿಗಿಂತ ಹೆಚ್ಚು ಎಂದು ಅಂದಾಜಿಸಿತು. ಆ ಲೆಕ್ಕದಲ್ಲಿ ಸುಮಾರು 5,100 ರೂ. ಸೇರಿ ಯೋಜನೆ ಗೆಲ್ಲುತ್ತದೆ.

ಹೀಗಾಗಿ ಯಾವ ಅಂಕಿ ಹಿಡಿಯಬೇಕೆಂಬುದು ತಜ್ಞರಿಗಷ್ಟೇ ಬಿಡುವ ವಿಷಯವಲ್ಲ. ಕೊಡಗಿಗೆ ವಿದ್ಯುತ್ ಪೂರೈಸುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ವೆಚ್ಚಗಳನ್ನು ಪರಿಶೀಲಿಸುವ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗವು ದರ ನಿಗದಿಗೆ ಮುನ್ನ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಉಳಿಸಿದ ಯೂನಿಟ್‌ನ ನಿಜವಾದ ಬೆಲೆ ಎಷ್ಟೆಂದು ಗ್ರಾಹಕರು ಅಲ್ಲಿಯೇ ಕೇಳಬಹುದು.